ಕಡತದಲ್ಲಿ ಇಲ್ಲದ ಭಾಷಣ

ನಾನು ಒಬ್ಬ ಸಂಸದರ ಆಫೀಸಲ್ಲಿ ಕೆಲಸ ಮಾಡೋನು. ಆವತ್ತು ಝೀರೋ ಅವರ್ ಬ್ಯಾಲೆಟ್‌ನಲ್ಲಿ, ಅಂದ್ರೆ ಲೋಕಸಭೆಯ ಶೂನ್ಯವೇಳೆಯಲ್ಲಿ ಯಾರು ಯಾವ ಸರದಿಯಲ್ಲಿ ಮಾತಾಡಬೇಕು ಅಂತ ಎತ್ತೋ ಚೀಟಿಯಲ್ಲಿ, ನಮ್ಮ ಸಾಹೇಬ್ರದು 11ನೇ ನಂಬರ್ ಬಂದಿತ್ತು. ಸದನ ಸರಿಯಾಗಿ ನಡೆದ್ರೆ 11 ಅಂದ್ರೆ ಸಿಕ್ಕೇ ಸಿಗೋ ನಂಬರ್. ದೆಹಲಿಯಿಂದ ಪಿಎ ಬೆಳಗ್ಗೆನೇ ಫೋನ್ ಮಾಡಿ "ಅಂಡರ್‌ಪಾಸ್ ವಿಷ್ಯ ಇವತ್ತು ಪಕ್ಕಾ, ಕನ್ನಡ ಪೋಸ್ಟು ರೆಡಿ ಮಾಡಿಡಿ" ಅಂದ್ರು. ನಾನು ಇಲ್ಲಿ ಕ್ಷೇತ್ರದ ಆಫೀಸಲ್ಲಿ ಕೂತು ಬರೆದೆ: "ರೈಲ್ವೆ ಅಂಡರ್‌ಪಾಸ್‌ನಲ್ಲಿ ಮಳೆನೀರು ನಿಲ್ಲುವ ಸಮಸ್ಯೆಯನ್ನು ಮಾನ್ಯ ಸಂಸದರು ಇಂದು ಲೋಕಸಭೆಯ ಶೂನ್ಯವೇಳೆಯಲ್ಲಿ ಪ್ರಸ್ತಾಪಿಸಿ ಸರ್ಕಾರದ ಗಮನ ಸೆಳೆದರು." ಸೆಳೆದರು ಅಂತ ಬರೆಯುವಾಗ ಇನ್ನೂ ಸದನವೇ ಸೇರಿರಲಿಲ್ಲ. ಹೋದ ಅಧಿವೇಶನದ ಫೋಟೋ ಒಂದು ಅಂಟಿಸಿ, 12:20ಕ್ಕೆ ಶೆಡ್ಯೂಲ್ ಮಾಡಿ, ಅದೇ ಹೊತ್ತಿಗೆ ಗ್ರೂಪ್‌ಗಳಿಗೂ ಹಾಕಪ್ಪ ಅಂತ ಆಫೀಸಿನ ಹುಡುಗನಿಗೆ ಹೇಳಿ, ವಿಧವಾ ಪಿಂಚಣಿ ನಿಂತುಹೋದ ಒಬ್ಬ ಅಮ್ಮನ ಜೊತೆ ತಾಲ್ಲೂಕು ಆಫೀಸಿಗೆ ಹೋದೆ.

ಸದನ 11ಕ್ಕೆ ಸೇರಿ ಪ್ರಶ್ನೋತ್ತರ ಶುರುವಾದ ಕೆಲವೇ ನಿಮಿಷಕ್ಕೆ ಗಲಾಟೆ, 12ಕ್ಕೆ ಮುಂದೂಡಿಕೆ, 12ಕ್ಕೆ ಮತ್ತೆ ಸೇರಿ ಕಾಗದಪತ್ರ ಮಂಡನೆ ಮುಗಿಸಿ 2ಕ್ಕೆ ಮುಂದೂಡಿಕೆ, 2ಕ್ಕೆ ಇಡೀ ದಿನಕ್ಕೆ ಮುಂದೂಡಿಕೆ. ಸಾಹೇಬ್ರು ಚೀಟಿ ಕೈಯಲ್ಲಿಟ್ಕೊಂಡು ಕೂತಿದ್ದವರು ಹಾಗೇ ಎದ್ದು ಬಂದ್ರು. ನಾನು ಒಂದೂವರೆಗೆ ಫೋನ್ ನೋಡಿದಾಗ ಪೋಸ್ಟು ಹೋಗಿಯಾಗಿತ್ತು, ಆ ಕಡೆ ಊರುಗಳವರು ಕೈಮುಗಿದ ಚಿತ್ರ ಕಳಿಸ್ತಿದ್ರು, ಒಬ್ಬರು "ಕೊನೆಗೂ ನಮ್ಮ ಮಾತು ದೆಹಲಿಗೆ ಮುಟ್ತು" ಅಂತ ಬರೆದಿದ್ರು.

ಆಗಲೇ ತೆಗೆದುಬಿಡಬೇಕಿತ್ತು. ಡಿಲೀಟ್ ಬಟನ್ ಮೇಲೆ ಬೆರಳಿಟ್ಟು ಸುಮಾರು ಹೊತ್ತು ಯೋಚನೆ ಮಾಡಿದೆ, ನಾಳೆ ಹೇಗೂ ಮಾತಾಡ್ತಾರಲ್ಲ, ಒಂದು ದಿನ ಹಿಂದೆ ಮುಂದೆ ಆದ್ರೆ ಏನು ಅಂತ ಬಿಟ್ಟೆ. ಆದ್ರೆ ಝೀರೋ ಅವರ್ ನೋಟಿಸು ನಾಳೆಗೆ ಮುಂದುವರಿಯಲ್ಲ, ಹೊಸದಾಗಿ ಕೊಡ್ಬೇಕು, ಮತ್ತೆ ಬ್ಯಾಲೆಟ್. ಇದು ನನಗೆ ಗೊತ್ತಿಲ್ಲದ ವಿಷ್ಯ ಅಲ್ಲ. ಮರುದಿನ ನಂಬರ್ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ, ಶುಕ್ರವಾರಕ್ಕೆ ಅಧಿವೇಶನವೇ ಮುಗೀತು. ಪೋಸ್ಟು ಮಾತ್ರ ಹಾಗೇ ಇತ್ತು. ಮೂರು ತಿಂಗಳಾದ ಮೇಲೆ ವರ್ಷದ ಸಾಧನೆ ಪುಸ್ತಿಕೆ ಮಾಡುವಾಗ ಹಳೇ ಪೋಸ್ಟ್‌ಗಳನ್ನೇ ಒಟ್ಟುಹಾಕಿ ಪ್ರೆಸ್ಸಿಗೆ ಕೊಟ್ವಿ, ಅದರ 14ನೇ ಪುಟದಲ್ಲಿ ಈ ಭಾಷಣವೂ ಅಚ್ಚಾಯ್ತು. ಆಡದೇ ಇರೋ ಮಾತು, ದಿನಾಂಕದ ಸಮೇತ.

ನಮ್ಮ ಆಫೀಸಿನ ಪರಿಸ್ಥಿತಿನೂ ಹೇಳ್ತೀನಿ. ಎಂಟು ವಿಧಾನಸಭಾ ಕ್ಷೇತ್ರಕ್ಕೆ ಇಲ್ಲಿ ನಾವು ಮೂರು ಜನ. ಸಂಸದರಿಗೆ ಆಫೀಸ್ ಖರ್ಚಿಗೆ ಅಂತ ಈಗ ತಿಂಗಳಿಗೆ 75,000 ರೂಪಾಯಿ ಬರುತ್ತೆ, ಅದರಲ್ಲಿ 50,000 ಸಹಾಯಕರ ಸಂಬಳಕ್ಕೆ, ದೆಹಲಿ ಪಿಎ ಸೇರಿ ಎಲ್ಲಾರೂ ಅದರಲ್ಲೇ ಹಂಚ್ಕೋಬೇಕು, ಸಾಲದ್ದನ್ನ ಸಾಹೇಬ್ರೇ ತುಂಬ್ತಾರೆ. ಇಷ್ಟರಲ್ಲಿ ದಿನಾ ಸಂಜೆ ಪಕ್ಷದ ಕಡೆಯಿಂದ ಒಂದೇ ಪ್ರಶ್ನೆ, ಇವತ್ತು ಏನು ಹಾಕಿದ್ರಿ, ಎಷ್ಟು ಜನ ನೋಡಿದ್ರು. ವರ್ಷಕ್ಕೊಮ್ಮೆ ಪತ್ರಿಕೆಗಳು ಹಾಜರಾತಿ ಶೇಕಡಾ ಎಷ್ಟು, ಪ್ರಶ್ನೆ ಎಷ್ಟು, ಚರ್ಚೆ ಎಷ್ಟು ಅಂತ ಪಟ್ಟಿ ಹಾಕಿದಾಗಂತೂ ವಾರವಿಡೀ ಅದೇ ಮಾತು. ಆ ಅಂಕಿಗಳು ಸುಳ್ಳಲ್ಲ, ಆದ್ರೆ ಅವುಗಳನ್ನ ಓದೋ ರೀತಿ ಯಾರೂ ಹೇಳ್ಕೊಡಲ್ಲ. ಹಾಜರಾತಿ ಅಂದ್ರೆ ಆ ದಿನ ಬಂದು ಹಾಜರಿ ಹಾಕಿದ್ರು ಅಂತ ಅಷ್ಟೇ, ಎಷ್ಟು ಹೊತ್ತು ಕೂತಿದ್ರು ಅಂತಲ್ಲ. ಮಂತ್ರಿಗಳು ಹಾಜರಿ ಹಾಕೋದೂ ಇಲ್ಲ, ಪ್ರಶ್ನೆ ಕೇಳೋದೂ ಇಲ್ಲ, ಹಾಗಾಗಿ ಮಂತ್ರಿಯಾದವರ ಪ್ರಶ್ನೆ ಸೊನ್ನೆ ಅಂತ ಬೈಯೋದ್ರಲ್ಲಿ ಅರ್ಥ ಇಲ್ಲ. ಒಂದೇ ಪ್ರಶ್ನೆಗೆ ಹಲವು ಸದಸ್ಯರ ಹೆಸರು ಸೇರಿಸಿರ್ತಾರೆ, ಎಲ್ಲರ ಲೆಕ್ಕಕ್ಕೂ ಒಂದೊಂದು ಏರುತ್ತೆ. ನಮಗೂ ಈ ಅಂಕಿ ಹುಚ್ಚು ಹಿಡಿದಿತ್ತು. ಪ್ರಶ್ನೆ ಹಾಕೋದು, ಸಂಖ್ಯೆ ಏರಿತು ಅಂತ ಬರ್ಕೊಳ್ಳೋದು, ಉತ್ತರ ಬಂದ ಪಿಡಿಎಫ್‌ನ ಫೋಲ್ಡರ್‌ಗೆ ಹಾಕಿಡೋದು. ಓದ್ತಿದ್ದದ್ದು ಕಡಿಮೆ.

ಪುಸ್ತಿಕೆ ಹಂಚಿ ಎರಡು ವಾರಕ್ಕೆ ಆ ತಾಲ್ಲೂಕಲ್ಲಿ ಜನಸಂಪರ್ಕ ಸಭೆ ಇತ್ತು. ಸಮುದಾಯ ಭವನ ತುಂಬಿತ್ತು. ಅರ್ಜಿ ತಗೊಳ್ಳೋದು ಮುಕ್ಕಾಲು ಭಾಗ ಮುಗಿದಿತ್ತು, ಮೂರನೇ ಸಾಲಿಂದ ಒಬ್ಬರು ಎದ್ರು. ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು, ಆ ಅಂಡರ್‌ಪಾಸ್ ಆಚೆಗಿನ ಊರಿನವರು. ಗೇಟು ತೆಗೆದು ಅಂಡರ್‌ಪಾಸ್ ಮಾಡಿದಾಗಿನಿಂದ ಮಳೆ ಬಂದ್ರೆ ಅಲ್ಲಿ ಎದೆಮಟ್ಟ ನೀರು, ಸ್ಕೂಲ್ ಮಕ್ಕಳನ್ನ ಟ್ರ್ಯಾಕ್ಟರ್ ಟ್ರೈಲರ್‌ನಲ್ಲಿ ನಿಲ್ಲಿಸಿ ದಾಟಿಸ್ತಾರೆ, ಟ್ರ್ಯಾಕ್ಟರೂ ಹೋಗದಿದ್ದ ದಿನ 9 ಕಿಲೋಮೀಟರ್ ಸುತ್ತು. ಮೇಷ್ಟ್ರ ಕೈಯಲ್ಲಿ ಒಂದು ಪ್ಲಾಸ್ಟಿಕ್ ಫೈಲು, ನಮ್ಮ ಪುಸ್ತಿಕೆ, 14ನೇ ಪುಟಕ್ಕೆ ಬಸ್ ಟಿಕೆಟ್ ಸಿಕ್ಕಿಸಿದ್ರು.

"ಸಾರ್, ಈ ದಿನ ನೀವು ನಮ್ಮ ವಿಷಯ ಮಾತಾಡಿದ್ರಿ ಅಂತ ಇದೆ. ಆ ದಿನದ ಸದನದ ನಡಾವಳಿ ಪೂರ್ತಿ ತೆಗೆಸಿದೀನಿ, ಮೊದಲಿಂದ ಕೊನೆವರೆಗೆ ಓದಿದೀನಿ. ನಿಮ್ಮ ಹೆಸರು ಸಿಗಲಿಲ್ಲ. ಯಾವ ಪುಟ ಅಂತ ಹೇಳಿದ್ರೆ ನಮ್ಮ ಮಕ್ಕಳಿಗೆ ಓದಿ ಹೇಳ್ತೀನಿ."

ಮೇಷ್ಟ್ರ ಮಾತಲ್ಲಿ ಕೋಪ ಇರಲಿಲ್ಲ, ವ್ಯಂಗ್ಯವೂ ಇರಲಿಲ್ಲ. ನಿಜವಾಗಿಯೂ ಪುಟದ ನಂಬರ್ ಕೇಳ್ತಿದ್ರು. ಸಾಹೇಬ್ರು ನನ್ನ ಕಡೆ ತಿರುಗಿದ್ರು. ವರ್ಷದಲ್ಲಿ ಎಷ್ಟೋ ವಿಷಯ, ಎಷ್ಟೋ ನೋಟಿಸು, ಅವರಿಗೆ ಆ ದಿನ ನೆನಪಿರಲಿಲ್ಲ. ನನಗೆ ಚೆನ್ನಾಗಿ ನೆನಪಿತ್ತು. ಹಿಂದಿನ ಕುರ್ಚಿಯಿಂದ ಎದ್ದು ಅವರ ಕಿವಿ ಹತ್ರ ಬಗ್ಗುವಷ್ಟರಲ್ಲಿ ಎರಡು ದಾರಿ ಇತ್ತು. ಒಂದು, "ಮಾತಾಡೋಕೆ ಆಗಿರಲಿಲ್ಲ ಸರ್, ತಪ್ಪಾಗಿ ಹಾಕಿದೀವಿ" ಅನ್ನೋದು. ಇನ್ನೊಂದು ನಾನು ಹೇಳಿದ್ದು.

"ಲೇಡ್ ಆಗಿದೆ ಸರ್."

ಅಂದ್ರೆ ಮಾತಾಡದಿದ್ರೂ ಬರಹದಲ್ಲಿ ಸದನದ ಮುಂದೆ ಮಂಡನೆ ಆಗಿದೆ ಅಂತ. ಸಾಹೇಬ್ರು ನಂಬಿದ್ರು. ಮೈಕಲ್ಲಿ ಹೇಳಿದ್ರು, "ಮೇಷ್ಟ್ರೇ, ಆವತ್ತು ಗಲಾಟೆಯಿಂದ ಸದನ ನಡೀಲಿಲ್ಲ, ನಮ್ಮ ವಿಷಯ ಲಿಖಿತವಾಗಿ ಮಂಡನೆ ಆಗಿದೆ."

ಮೇಷ್ಟ್ರು ತಲೆ ಆಡಿಸಿದ್ರು, ಕೂರಲಿಲ್ಲ. "ಸಾರ್, ಲೋಕಸಭೆಯ ನಿಯಮ 377ರ ಕೆಳಗೆ ಕೊಟ್ಟ ವಿಷಯ ಆದ್ರೆ ಹಾಗೆ ಮಂಡನೆ ಆಗಿದೆ ಅಂತ ತಗೊಳ್ತಾರೆ, ಆಗ ನಡಾವಳಿಯಲ್ಲಿ ಅಚ್ಚಾಗಿರುತ್ತೆ. ಇಲ್ಲಿ ಶೂನ್ಯವೇಳೆ ಅಂತ ಬರೆದಿದೀರ. ಶೂನ್ಯವೇಳೆ ಅನ್ನೋದು ನಿಯಮಗಳ ಪುಸ್ತಕದಲ್ಲೇ ಇಲ್ಲ, ರೂಢಿಯಿಂದ ಬಂದದ್ದು. ಅದರಲ್ಲಿ ಎದ್ದು ಮಾತಾಡಿದ್ರೆ ಉಂಟು, ಇಲ್ಲಾಂದ್ರೆ ಇಲ್ಲ."

ಭವನದಲ್ಲಿ ಫ್ಯಾನ್ ತಿರುಗೋ ಸದ್ದು ಬಿಟ್ರೆ ಏನೂ ಇಲ್ಲ. ಆರು ವರ್ಷ ಈ ಕೆಲಸ ಮಾಡಿದೀನಿ, ಅವರು ಹೇಳಿದ್ದು ಅಕ್ಷರಶಃ ಸರಿ ಅಂತ ನನಗೆ ಆ ಕ್ಷಣದಲ್ಲೇ ಗೊತ್ತಿತ್ತು. ಬೆಳಗ್ಗೆ ಅವಸರಕ್ಕೆ ಬರೆದ ಪೋಸ್ಟು ತಪ್ಪು, ಪುಸ್ತಿಕೆಗೆ ಹೋಗಿದ್ದು ಉದಾಸೀನ, ಆದ್ರೆ ಕಿವಿಯಲ್ಲಿ ಹೇಳಿದ್ದು ಗೊತ್ತಿದ್ದೂ ಹೇಳಿದ ಸುಳ್ಳು, ಅದನ್ನ ಬೇರೆಯವರ ಬಾಯಿಂದ, ಅವರನ್ನ ಆರಿಸಿ ಕಳಿಸಿದ ಜನರ ಮುಂದೆ ಹೇಳಿಸಿದೆ.

ಆಮೇಲೆ ಮೇಷ್ಟ್ರು ಫೈಲಿಂದ ಎರಡನೇ ಕಾಗದ ತೆಗೆದ್ರು. "ಇದು ಬೇರೆ. ಇದೂ ನಿಮ್ಮ ಹೆಸರಲ್ಲೇ ಇರೋದು, ಹಿಂದಿನ ಅಧಿವೇಶನದ ಚುಕ್ಕೆ ಗುರುತಿಲ್ಲದ ಪ್ರಶ್ನೆ, ಬರೀ ಲಿಖಿತ ಉತ್ತರ ಬರೋದು. ರೈಲ್ವೆ ಮಂತ್ರಿಗಳ ಉತ್ತರ ಬಂದಿದೆ. ಅನುಬಂಧದಲ್ಲಿ ನಮ್ಮ ಅಂಡರ್‌ಪಾಸ್ ಹೆಸರಿದೆ, ಸಂಪ್ ಕಟ್ಟಿ ಎರಡು ಪಂಪ್ ಕೂರಿಸೋಕೆ ಮಂಜೂರಾಗಿದೆ ಅಂತ. ಇಷ್ಟು ಒಳ್ಳೇ ಸುದ್ದಿ ಇದ್ದಾಗ ಇದನ್ನ ಯಾಕೆ ಪುಸ್ತಕದಲ್ಲಿ ಹಾಕಲಿಲ್ಲ ಸಾರ್?"

ಆ ಪ್ರಶ್ನೆ ಡ್ರಾಫ್ಟ್ ಮಾಡಿದ್ದು ನಾನು. ಉತ್ತರದ ಪಿಡಿಎಫ್ ನನ್ನ ಕಂಪ್ಯೂಟರಲ್ಲೇ ಇತ್ತು. ಅನುಬಂಧದವರೆಗೆ ನಾನು ಹೋಗಿರಲಿಲ್ಲ. ದಿನಕ್ಕೆ ಸದನದಲ್ಲೇ ಬಾಯಿಮಾತಲ್ಲಿ ಉತ್ತರ ಕೇಳೋ ಚುಕ್ಕೆ ಗುರುತಿನ ಪ್ರಶ್ನೆ 20, ಗುರುತಿಲ್ಲದ್ದು 230, ಆ 230ರ ಉತ್ತರ ಯಾರೂ ಓದಿ ಹೇಳಲ್ಲ, ವಿಡಿಯೋ ಸಿಗಲ್ಲ, ಸಾಹೇಬ್ರು ಎದ್ದು ನಿಂತ ಫೋಟೋ ಸಿಗಲ್ಲ, ಹಾಗಾಗಿ ನನ್ನ ಲೆಕ್ಕದಲ್ಲಿ ಅದು ಕೆಳಗಿನ ದರ್ಜೆ ಆಗಿಹೋಗಿತ್ತು. ನಿಜ ನೋಡಿದ್ರೆ ತಿರುಗಾಮುರುಗಾ. ಶೂನ್ಯವೇಳೆಯಲ್ಲಿ ಮಾತಾಡಿದ್ದಕ್ಕೆ ಮಂತ್ರಿ ಅಲ್ಲೇ ಉತ್ತರ ಕೊಡಲೇಬೇಕು ಅಂತಿಲ್ಲ. ಲಿಖಿತ ಉತ್ತರ ಸರ್ಕಾರ ಸದನಕ್ಕೆ ಕೊಟ್ಟ ಮಾತು, ಅದರಲ್ಲಿ ಮಾಡ್ತೀವಿ ಅಂತ ಭರವಸೆ ಇದ್ರೆ ಮೂರು ತಿಂಗಳಲ್ಲಿ ಪೂರೈಸಬೇಕು, ಅದನ್ನ ನೋಡ್ಕೊಳ್ಳೋಕೆ ಸರ್ಕಾರಿ ಭರವಸೆಗಳ ಸಮಿತಿ ಅಂತಲೇ ಇದೆ. ಹಿಡಿದು ಕೇಳೋಕೆ ಜನರ ಕೈಗೆ ಬೇಕಾಗಿದ್ದು ಆ ಕಾಗದ. ಅದು ಮೇಷ್ಟ್ರಿಗೆ ತಾವಾಗಿ ಹುಡುಕಿದಾಗ ಸಿಕ್ತು, ನಾವು ಕೊಡಲಿಲ್ಲ.

ಸಾಹೇಬ್ರು ಎರಡೂ ಕಾಗದ ಇಸ್ಕೊಂಡು ನಿಧಾನಕ್ಕೆ ಓದಿದ್ರು. "ತಪ್ಪಾಗಿದೆ ಮೇಷ್ಟ್ರೇ. ಆವತ್ತು ನಾನು ಮಾತಾಡಿಲ್ಲ, ಈಗ ಹೇಳಿದ್ದೂ ಸರಿಯಿಲ್ಲ" ಅಂದ್ರು ಮೈಕಲ್ಲೇ. ನನ್ನ ಹೆಸರು ಎತ್ತಲಿಲ್ಲ, ಆಫೀಸಿನವರ ತಪ್ಪು ಅಂತಲೂ ಅನ್ನಲಿಲ್ಲ. ವಾಪಸ್ ಬರುವಾಗ ಕಾರಲ್ಲಿ ಅರ್ಧ ಗಂಟೆ ಮಾತಿಲ್ಲ. ಆಮೇಲೆ ಒಂದೇ ಮಾತು, "ನೀವು ಹೇಳಿದ್ರಿ ಅಂತ ನಾನು ಮೈಕಲ್ಲಿ ಹೇಳ್ದೆ." ಇಷ್ಟು ವರ್ಷದಲ್ಲಿ ಬೈಸ್ಕೊಂಡಿದ್ದು ಬೇಕಾದಷ್ಟಿದೆ, ಯಾವುದೂ ಇಷ್ಟು ಚುಚ್ಚಿಲ್ಲ. ಈಗಲೂ ಬರೆಯುವಾಗ ಗಂಟಲು ಕಟ್ಟುತ್ತೆ.

ಮಾರನೇ ದಿನ ತಿದ್ದುಪಡಿ ಹಾಕಿದ್ವಿ, ಅದೇ ಗ್ರೂಪ್‌ಗಳಲ್ಲಿ, ಅದೇ ಅಳತೆಯಲ್ಲಿ. ಪಕ್ಷದ ಐಟಿಯವರು ಫೋನ್ ಮಾಡಿ ಎದುರಾಳಿಗಳ ಕೈಗೆ ನೀವೇ ಕೋಲು ಕೊಡ್ತಿದೀರ ಅಂತ ರೇಗಾಡಿದ್ರು. ಕೊಟ್ಟಿದ್ದು ನಿಜ, ಎದುರಾಳಿಗಳು ಎರಡು ದಿನ ಸ್ಕ್ರೀನ್‌ಶಾಟ್ ಓಡಿಸಿದ್ರು, ಆಮೇಲೆ ಮರೆತ್ರು. ಉಳಿದಿದ್ದ ಪುಸ್ತಿಕೆಗಳಿಗೆಲ್ಲ 14ನೇ ಪುಟದ ಮೇಲೆ ಚೀಟಿ ಅಂಟಿಸಿದ್ವಿ, ಮೂರು ಜನ ಕೂತು, ನಾಲ್ಕು ಸಂಜೆ. ಗೋಂದು ಒಣಗಿ ಪುಟ ಸುಕ್ಕಾಯ್ತು, ಆದ್ರೂ ಓದೋಕೆ ಆಗುತ್ತೆ.

ಈಗ ಆಫೀಸಲ್ಲಿ ಶೆಡ್ಯೂಲ್ ಪೋಸ್ಟು ಬಂದ್. ಮಾತುಗಳನ್ನ ಬೇರೆ ಬೇರೆ ಇಟ್ಟಿದೀವಿ: ನೋಟಿಸ್ ಕೊಟ್ಟಿದ್ದು, ಸದನದಲ್ಲಿ ಮಾತಾಡಿದ್ದು, 377ರಲ್ಲಿ ಲಿಖಿತವಾಗಿ ಮಂಡನೆ ಆಗಿದ್ದು, ಪ್ರಶ್ನೆಗೆ ಉತ್ತರ ಬಂದಿದ್ದು, ಒಂದರ ಜಾಗದಲ್ಲಿ ಇನ್ನೊಂದು ಹಾಕೋ ಹಾಗಿಲ್ಲ. ಎಂಪಿ ಫಂಡ್ ವಿಷಯದಲ್ಲೂ ಅಷ್ಟೇ. ವರ್ಷಕ್ಕೆ 5 ಕೋಟಿ, ಅದು ಸರ್ಕಾರದ ದುಡ್ಡು, ಸಂಸದರು ಶಿಫಾರಸು ಮಾಡೋದು, ಮಂಜೂರು ಮಾಡೋದು ಜಿಲ್ಲಾಡಳಿತ. ಮೊದಲು ನಾವು ಬಸ್ ಸ್ಟಾಪಿನ ಮೇಲೆಲ್ಲ "ಕೊಡುಗೆ" ಅಂತ ಬರೆಸ್ತಿದ್ವಿ, ಯಾರ ಕೊಡುಗೆ? ಈಗ "ಶಿಫಾರಸಿನ ಮೇರೆಗೆ" ಅಂತ ಬರೆಸ್ತೀವಿ, ಪೇಂಟರ್‌ಗೆ ಜಾಗ ಸಾಲಲ್ಲ, ಗೊಣಗ್ತಾನೆ, ಗೊಣಗಲಿ.

ಕಷ್ಟ ಇರೋದು ಉತ್ತರಗಳನ್ನ ಕನ್ನಡಕ್ಕೆ ತರೋದ್ರಲ್ಲಿ. ಬರೋದು ಇಂಗ್ಲಿಷ್, ಹಿಂದಿಯಲ್ಲಿ, ಕನ್ನಡದಲ್ಲಿ ಬರಲ್ಲ. ತರ್ಜುಮೆ ಮಾಡೋ ಆ್ಯಪ್‌ಗೆ ಹಾಕಿದ್ರೆ ಅನುಬಂಧದ ಊರಿನ ಹೆಸರೆಲ್ಲ ಹಾಳು. ನಾನೇ ಕೂತು ಟೈಪ್ ಮಾಡ್ತೀನಿ, ಪ್ರಶ್ನೆಯ ನಂಬರು, ದಿನಾಂಕ, ಉತ್ತರದ ತಿರುಳು ನಾಲ್ಕು ಸಾಲು. "ಅಂಥ ಯಾವುದೇ ಪ್ರಸ್ತಾವ ಇಲ್ಲ" ಅಂತ ಬಂದ್ರೂ ಅದನ್ನೂ ಹಾಕ್ತೀವಿ. ಇದರ ಬಗ್ಗೆ ಆಫೀಸಲ್ಲೇ ಜಗಳ ಆಯ್ತು, ಆಗಲ್ಲ ಅನ್ನೋ ಉತ್ತರನ ನಾವ್ಯಾಕೆ ಸಾರಬೇಕು ಅಂತ. ಇಲ್ಲ ಅನ್ನೋದು ಗೊತ್ತಾದ್ರೆ ಆ ಊರಿನವರು ಕಾಯೋದು ಬಿಟ್ಟು ಬೇರೆ ದಾರಿ ನೋಡ್ತಾರಲ್ಲ, ಅದಕ್ಕೆ. ಲೈಕ್ ಅರ್ಧಕ್ಕರ್ಧ ಇಳಿದಿದೆ. ಆದ್ರೆ ಪ್ರಶ್ನೆ ನಂಬರ್ ಬರ್ಕೊಂಡು ಆಫೀಸಿಗೆ ಬರೋ ಜನ ಜಾಸ್ತಿಯಾಗಿದಾರೆ, ಇಲಾಖೆಗಳಿಗೂ ಅದೇ ನಂಬರ್ ಹಾಕಿ ಪತ್ರ ಬರೀತೀವಿ.

ಅಂಡರ್‌ಪಾಸ್‌ದು ರೈಲ್ವೆಯ ಡಿಆರ್‌ಎಂ (ವಿಭಾಗೀಯ ವ್ಯವಸ್ಥಾಪಕರ) ಆಫೀಸಿಗೆ ಉತ್ತರದ ಪ್ರತಿ ಲಗತ್ತಿಸಿ ಬರೆದ್ವಿ, ಎರಡು ಸಲ ನೆನಪೋಲೆ, ಸಾಹೇಬ್ರು ಒಂದು ಸಲ ಖುದ್ದು ಹೋದ್ರು. ಕೆಲಸ ಶುರುವಾಯ್ತು. ಈ ಸಲ ಮೊದಲ ದೊಡ್ಡ ಮಳೆ ಬಂದ ರಾತ್ರಿ ಮೇಷ್ಟ್ರಿಂದ ಒಂದು ಫೋಟೋ ಬಂತು. ಟಾರ್ಚ್ ಬೆಳಕಲ್ಲಿ ತೆಗೆದದ್ದು. ಗೋಡೆ ಮೇಲೆ ಹೋದ ವರ್ಷದ ಕೆಸರಿನ ಗೆರೆ ಎದೆಮಟ್ಟದಲ್ಲಿ ಹಾಗೇ ಇದೆ, ನೀರು ಕೆಳಗೆ ಮೊಣಕಾಲಿನ ತನಕ, ಮೂಲೆಯಲ್ಲಿ ಪೈಪಿಂದ ನೀರು ಆಚೆ ಹೋಗ್ತಿದೆ. ಕೆಳಗೆ ಬರೆದಿದ್ರು:

"ಉತ್ತರದಲ್ಲಿ ಎರಡು ಪಂಪ್ ಅಂತಿತ್ತು. ಒಂದೇ ಬಂದಿದೆ."

ಪ್ರಶ್ನೆಗೆ 15 ದಿನ ಮುಂಚೆ ನೋಟಿಸ್ ಕೊಡ್ಬೇಕು. ಡ್ರಾಫ್ಟು ಆವತ್ತು ರಾತ್ರಿನೇ ಬರೆದಿಟ್ಟೆ, ಹಳೇ ಉತ್ತರದ ನಂಬರು, ದಿನಾಂಕ ಹಾಕಿ. ಮೇಷ್ಟ್ರಿಗೆ ಕಳಿಸಿದ್ದು ಇಷ್ಟೇ: "ಪ್ರಶ್ನೆ ತಯಾರಾಗಿದೆ, ಇನ್ನೂ ಕೊಟ್ಟಿಲ್ಲ. ಕೊಟ್ಟ ದಿನ ತಿಳಿಸ್ತೀನಿ."