ಬಣ್ಣ ಹೋಯಿತು, ಇಂಗಾಲ ಉಳಿಯಿತು

20 ಕಿಲೋಹರ್ಟ್ಸ್ ದಾಟಿದ ಶಬ್ದ ಮನುಷ್ಯರ ಕಿವಿಗೆ ಬೀಳುವುದಿಲ್ಲ ಎಂದು ಎಲ್ಲರೂ ಓದಿರುತ್ತೇವೆ. ಅಂಥ ಶಬ್ದ ಹೊಮ್ಮಿಸುವ ಲೋಹದ ಕಡ್ಡಿಯನ್ನು, ಅಂದರೆ ಅಲ್ಟ್ರಾಸೌಂಡ್ ಪ್ರೋಬನ್ನು, ನೀರಿಗಿಳಿಸಿ ಸ್ವಿಚ್ ಒತ್ತಿದವರ ಅನುಭವವೇ ಬೇರೆ. ಹಲ್ಲು ಜುಮ್ಮೆನ್ನಿಸುವ ಕರ್ಕಶ ಸದ್ದು ಕೋಣೆ ತುಂಬುತ್ತದೆ. ನೀರೊಳಗೆ ಹುಟ್ಟಿ ಒಡೆಯುವ ಅಸಂಖ್ಯ ಗುಳ್ಳೆಗಳ ಗದ್ದಲ ಅದು. ಕಿವಿಗೆ ಕವಚ ಏರಿಸಿಕೊಂಡೇ ಅಂದಿನ ಕೆಲಸಕ್ಕೆ ಕುಳಿತೆ: ಬಣ್ಣ ಬೆರೆತ ನೀರನ್ನು ಈ ಶಬ್ದದಿಂದ ಶುದ್ಧ ಮಾಡಿ ನೋಡುವುದು.

ಬಟ್ಟೆಗೆ ಬಣ್ಣ ಹಾಕುವ ಘಟಕವೊಂದರ ಎಂಜಿನಿಯರ್ ಪ್ರಯೋಗ ನೋಡಲು ಬರುವವರಿದ್ದರು. ಮೊದಲಿಗೆ ಪ್ರಯೋಗಗಳಿಗೆ ಬಳಸುವ ನಮ್ಮ ಮಾಮೂಲಿ ನೀಲಿ ಬಣ್ಣ, ಮೆಥಿಲೀನ್ ಬ್ಲೂ. ಲೀಟರಿಗೆ 10 ಮಿಲಿಗ್ರಾಂ ಬೆರೆಸಿದರೂ ಬೀಕರಿನ ಆಚೆ ಬದಿ ಮಸುಕಾಗುವಷ್ಟು ನೀಲಿ. ಅದಕ್ಕೆ ಟೈಟಾನಿಯಂ ಡೈಆಕ್ಸೈಡಿನ ಬಿಳಿ ಪುಡಿ ಹಾಕಿ, ಶಬ್ದ ಕೊಡುವ ಮೊದಲು ಕತ್ತಲಲ್ಲಿ ಸುಮ್ಮನೆ ಕಲಕಿದೆ. ಹೀಗೆ ಮಾಡದೆ ತೋರಿಸುವ ಫಲಿತಾಂಶಗಳನ್ನು ನಾನು ನಂಬುವುದಿಲ್ಲ. ಬಣ್ಣದ ಒಂದಷ್ಟು ಭಾಗ ಪುಡಿಯ ಮೈಗೆ ಬರಿದೇ ಅಂಟಿಕೊಳ್ಳುತ್ತದೆ. ಗಿರಗಿರನೆ ತಿರುಗಿಸಿ ಪುಡಿಯನ್ನು ತಳಕ್ಕಿಳಿಸುವ ಸೆಂಟ್ರಿಫ್ಯೂಜಿನಿಂದ ತೆಗೆದ ನಳಿಕೆಯ ತಳದಲ್ಲಿ ಪುಡಿ ತಿಳಿನೀಲಿಗೆ ತಿರುಗಿತ್ತು. ಅಷ್ಟು ಬಣ್ಣ ಜಾಗ ಬದಲಿಸಿದೆಯೇ ಹೊರತು ನಾಶವಾಗಿಲ್ಲ.

ಆಮೇಲೆ ಬೀಕರನ್ನು ಮಂಜುಗಡ್ಡೆಯ ತೊಟ್ಟಿಯಲ್ಲಿಟ್ಟು ಪ್ರೋಬ್ ಚಾಲೂ ಮಾಡಿದೆ. ನೀರು ಬಿಸಿಯಾದರೆ ಗುಳ್ಳೆಯೊಳಗೆ ಆವಿ ತುಂಬಿ ಅದರ ಕುಸಿತ ಮೆತ್ತಗಾಗುತ್ತದೆ. ತಣ್ಣಗಿದ್ದಾಗ ಕುಸಿಯುವ ಗುಳ್ಳೆಯೊಳಗೆ ಕ್ಷಣದ ಅತಿ ಸಣ್ಣ ಪಾಲಿನಷ್ಟು ಹೊತ್ತು ಸುಮಾರು 5000 ಕೆಲ್ವಿನ್ ಉಷ್ಣತೆ, ನೂರಾರು ವಾತಾವರಣದ ಒತ್ತಡ. ಆ ಕಾವಿಗೆ ನೀರಿನ ಅಣುವೇ ಒಡೆದು, ಬಲು ಚುರುಕಾಗಿ ವರ್ತಿಸುವ ಚೂರಾದ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹೊರಬರುತ್ತದೆ. ಎದುರಿಗೆ ಸಿಕ್ಕ ಸಾವಯವ (ಇಂಗಾಲದಿಂದ ಕಟ್ಟಿದ) ಅಣುವಿನ ಮೇಲೆಲ್ಲ ಎರಗುವುದು ಅದರ ಸ್ವಭಾವ. ಪುಡಿಯ ಕಣಗಳು ಇನ್ನಷ್ಟು ಗುಳ್ಳೆ ಹುಟ್ಟಲು ನೆಲೆಯಾಗುತ್ತವೆ. ಬೀಕರಿನ ಹೊರಮೈ ಮುಟ್ಟಿದರೆ ತಣ್ಣಗೆ, ಒಳಗೆ ಅಷ್ಟೆಲ್ಲ ರಂಪ!

ಆಗಾಗ ಮಾದರಿ ತೆಗೆದು, ಯಾವ ತರಂಗಾಂತರದ ಬೆಳಕನ್ನು ಅದು ಎಷ್ಟು ಹೀರುತ್ತದೆಂದು ಅಳೆಯುವ ಸ್ಪೆಕ್ಟ್ರೋಫೋಟೋಮೀಟರಿಗೆ ಕೊಡುತ್ತಿದ್ದೆ. ಮೆಥಿಲೀನ್ ಬ್ಲೂ ಹೀರುವಿಕೆಯ ತನ್ನ ಶಿಖರವನ್ನು ತೋರಿಸುವುದು 664 ನ್ಯಾನೊಮೀಟರಿನಲ್ಲಿ. ಶಿಖರ ತಗ್ಗುತ್ತ ತಗ್ಗುತ್ತ ಎಡಕ್ಕೂ, ಅಂದರೆ ಕಡಿಮೆ ತರಂಗಾಂತರದ ಕಡೆಗೂ, ಸರಿಯತೊಡಗಿತು. ಅಣುವಿನಿಂದ ಮೀಥೈಲ್ ಗುಂಪುಗಳು (ಒಂದು ಇಂಗಾಲ, ಮೂರು ಹೈಡ್ರೋಜನ್‌ನ ತುಣುಕುಗಳು) ಒಂದೊಂದಾಗಿ ಕಳಚುತ್ತಿರುವುದರ ಗುರುತು ಅದು. ನನಗೆ ಇಡೀ ಪ್ರಯೋಗದಲ್ಲಿ ಅತ್ಯಂತ ಇಷ್ಟವಾಗುವುದು ಈ ಸರಿದಾಟ. ತಿಳಿಯಾದ ಬಾಟಲಿಯ ಚಿತ್ರಕ್ಕಿಂತ ಹೆಚ್ಚು ಪ್ರಾಮಾಣಿಕವಾದದ್ದು.

ಎಂಜಿನಿಯರ್ ಬರುವ ಹೊತ್ತಿಗೆ ನೀರು ತಿಳಿಯಾಗಿತ್ತು. ಬೆಳಕಿಗೆ ಹಿಡಿದು, "ಬಣ್ಣ ಹೋಯಿತಲ್ಲ, ಇನ್ನೇನು ಬೇಕು?" ಎಂದರು. ಒಟ್ಟು ಸಾವಯವ ಇಂಗಾಲದ ಅಳತೆಯನ್ನು ಮುಂದಿಟ್ಟೆ. ಅರ್ಧಕ್ಕಿಂತ ಹೆಚ್ಚು ಇಂಗಾಲ ಇನ್ನೂ ನೀರಿನಲ್ಲೇ ಇತ್ತು. ಬಣ್ಣ ಕೊಡುವ ಬಂಧ ಮುರಿದರೆ ಕಣ್ಣಿಗೆ ಏನೂ ಕಾಣುವುದಿಲ್ಲ, ಆದರೆ ತುಂಡುಗಳು ಇದ್ದೇ ಇರುತ್ತವೆ. ಸಾರಜನಕದ ಜೋಡಿ ಪರಮಾಣುಗಳ ಬಂಧವಿರುವ ಅಜೋ ಬಣ್ಣಗಳು ಅರ್ಧಂಬರ್ಧ ಒಡೆದಾಗ ಕೆಲವೊಮ್ಮೆ ಹುಟ್ಟುವ ಆರೊಮ್ಯಾಟಿಕ್ ಅಮೈನುಗಳೆಂಬ ಸಂಯುಕ್ತಗಳು ಮೂಲ ಬಣ್ಣಕ್ಕಿಂತ ಕೆಟ್ಟವು. 1856ರಲ್ಲಿ ವಿಲಿಯಂ ಪರ್ಕಿನ್ ಮೊದಲ ಕೃತಕ ಬಣ್ಣ ತಯಾರಿಸಿದಂದಿನಿಂದ ರಸಾಯನಶಾಸ್ತ್ರಜ್ಞರು ಬಿಸಿಲಿಗೆ, ಸೋಪಿಗೆ ಜಗ್ಗದ ಅಣುಗಳನ್ನು ಕಟ್ಟುತ್ತಲೇ ಬಂದಿದ್ದಾರೆ. ಅವು ಒಂದು ಮಧ್ಯಾಹ್ನದಲ್ಲಿ ಪೂರ್ತಿ ಕರಗಿಹೋಗಲಿ ಎಂದರೆ ಹೇಗೆ?

ಅವರು ವಾದಿಸಲಿಲ್ಲ, ತಾವು ತಂದಿದ್ದ ಕ್ಯಾನು ಮುಂದಿಟ್ಟರು. ಹತ್ತಿಬಟ್ಟೆಗೆ ರಿಯಾಕ್ಟಿವ್ ಬಣ್ಣ (ನೂಲಿನೊಂದಿಗೆ ರಾಸಾಯನಿಕವಾಗಿ ಬೆಸೆಯುವ ಬಣ್ಣ) ಹಾಕಿದ ನಂತರದ ನೀರು: ಗಾಢ ಕೆಂಪು, ವಿಪರೀತ ಉಪ್ಪು, ಜೊತೆಗೆ ಬಣ್ಣ ನೂಲಿಗೆ ಕೂರಲೆಂದು ಹಾಕಿದ ವಾಷಿಂಗ್ ಸೋಡಾ. ಪ್ರಯೋಗಾಲಯದ ನೀಲಿ ನೀರಿಗೂ ಇದಕ್ಕೂ ಅಜಗಜಾಂತರ. ನೀಲಿಯನ್ನು ತಿಳಿಯಾಗಿಸಿದಷ್ಟೇ ಹೊತ್ತು ಪ್ರೋಬ್ ಕೂಗಿತು, ಕೆಂಪು ಕದಲಲಿಲ್ಲ. ಸೋಡಾದ ಕಾರ್ಬೊನೇಟು ರ‍್ಯಾಡಿಕಲ್‌ಗಳನ್ನು ಬಣ್ಣಕ್ಕೆ ತಲುಪುವ ಮೊದಲೇ ನುಂಗುತ್ತಿತ್ತು. ಸಲ್ಫ್ಯೂರಿಕ್ ಆಮ್ಲವನ್ನು ಹನಿಹನಿಯಾಗಿ ಬಿಟ್ಟೆ. ಕೆಂಪು ನೊರೆ ಬುಸುಗುಟ್ಟಿ ಬೀಕರಿನ ಅಂಚಿನವರೆಗೂ ಏರಿ, ಇಂಗಾಲದ ಡೈಆಕ್ಸೈಡ್ ಹೊರಟುಹೋದ ಮೇಲೆ ಇಳಿಯಿತು. ಮತ್ತೆ ಶಬ್ದ ಕೊಟ್ಟಾಗ ಬಣ್ಣ ನಿಧಾನಕ್ಕೆ ತೆಳುವಾಗತೊಡಗಿತು.

ಅವರು ಕೇಳಿದ್ದು ವಿದ್ಯುತ್ತಿನ ಲೆಕ್ಕ. ನ್ಯಾಯವಾದ ಪ್ರಶ್ನೆಯೇ, ಈ ವಿಧಾನದ ದುರ್ಬಲ ಜಾಗ ಅದು. ಇಡೀ ತೊಟ್ಟಿಯ ನೀರನ್ನು ಅಲ್ಟ್ರಾಸೌಂಡಿನಿಂದಲೇ ಶುದ್ಧ ಮಾಡುತ್ತೇನೆಂದು ಹೊರಡುವುದು ದುಬಾರಿ ಹಟ ಎಂದು ನೇರವಾಗಿ ಹೇಳಿದೆ. ಬ್ಯಾಕ್ಟೀರಿಯಾಗಳು ತಿನ್ನಬಲ್ಲದ್ದನ್ನು ಅವಕ್ಕೇ ಬಿಟ್ಟು, ಅವು ಒಲ್ಲೆನ್ನುವ ಕೊನೆಯ ಬಣ್ಣಕ್ಕೆ ಮಾತ್ರ ಇದನ್ನು ಬಳಸಿ ನೋಡಬಹುದು. ಹಾಗಾಗಿ ಮುಂದಿನ ಸಲ ಜೈವಿಕ ಸಂಸ್ಕರಣೆ ಮುಗಿದ ನೀರನ್ನೇ ತನ್ನಿ ಎಂದೆ. ಒಪ್ಪಿ ಬರೆದುಕೊಂಡರು. ಅದರ ಕೆಳಗೆ ಆಮ್ಲದ ಖರ್ಚನ್ನೂ ಸೇರಿಸಿದರು.