ಉಪ್ಪಿನಕಾಯಿ ಬಾಟಲಿಯಲ್ಲೊಂದು ಕೆರೆ

ಫೆಬ್ರವರಿ 8, 2026, ಭಾನುವಾರ

ಗೆರೆ ಇಳಿದಿದೆ! ಬೆಳಿಗ್ಗೆ ಸ್ಕೇಲ್ ಹಿಡಿದು ನೋಡಿದೆ, ಹೆಚ್ಚುಕಡಿಮೆ ಒಂದು ಸೆಂಟಿಮೀಟರ್.

ಸಂಕ್ರಾಂತಿಗೆ ಊರಿಗೆ ಹೋದಾಗ ಕೆರೆಯಿಂದ ಒಂದು ಡಬ್ಬ ಕೆಸರು ತಂದಿದ್ದೆ. (ಬಸ್ಸಲ್ಲಿ ಪಕ್ಕದವರು ಮೂಗು ಮುಚ್ಚಿಕೊಂಡಿದ್ದು ಬೇರೆ ಕಥೆ.) ಕಲ್ಲು ಕಡ್ಡಿ ಆರಿಸಿ, ಉಪ್ಪಿನಕಾಯಿಯ ಎರಡು ಗಾಜಿನ ಬಾಟಲಿಗೆ ಹಾಕಿ, ನೀರು ಬಿಟ್ಟೆ. ಕೆಸರು ತಳಕ್ಕೆ ಕೂತ ಮೇಲೆ ಅದರ ಮೇಲೆ ಅಮ್ಮನ ರಂಗೋಲಿ ಪುಡಿಯನ್ನು ತೆಳ್ಳಗೆ ಉದುರಿಸಿದೆ, ಅದೇ ಈ ಗೆರೆ. ಒಂದು ಬಾಟಲಿಗೆ ಮಾತ್ರ ಅಕ್ವೇರಿಯಂ ಅಂಗಡಿಯ ಟ್ಯೂಬಿಫೆಕ್ಸ್ ಬಿಟ್ಟೆ, ಅದೇ, ಮೀನಿಗೆ ಹಾಕುವ ಕೆಂಪು ದಾರದಂಥ ಹುಳ.

ಅವು ತಲೆ ಕೆಳಗೆ ಹೂತುಕೊಂಡು, ಬಾಲವನ್ನು ಮೇಲೆ ನೀರಲ್ಲಿ ಆಡಿಸುತ್ತಾ ನಿಲ್ಲುತ್ತವೆ. ತಿನ್ನುವುದು ಕೆಳಗಿನ ಕೆಸರು, ಹಿಕ್ಕೆ ಹಾಕುವುದು ಮೇಲೆ. ದಿನವಿಡೀ ಇದೇ ಕೆಲಸ. ಅಂದರೆ ರಂಗೋಲಿಯನ್ನು ಯಾರೂ ಕೆಳಕ್ಕೆ ತಳ್ಳಿಲ್ಲ, ಅದರ ಅಡಿಯ ಮಣ್ಣೇ ಅದರ ತಲೆ ಮೇಲೆ ಬಂದು ಕೂತಿದೆ ಅಷ್ಟೇ. ಪುಡಿಯ ಕಾಳು ದಪ್ಪ, ಹುಳದ ಬಾಯಿಗೆ ಹಿಡಿಸಿರಲಿಕ್ಕಿಲ್ಲ.

ಇದೇನು ನನ್ನ ಸ್ವಂತ ಬುದ್ಧಿಯಲ್ಲ. ಅಮೆರಿಕದಲ್ಲಿ ಹೀಗೇ ಕೆಸರಿನ ಮೇಲೆ ಸೀಸಿಯಂ-137 ಅನ್ನೋ ವಿಕಿರಣ ಸೂಸುವ ವಸ್ತು ಹಚ್ಚಿ ನೋಡಿದ ಪ್ರಯೋಗ 1979ರಲ್ಲಿ ಪ್ರಕಟವಾಗಿತ್ತು. ಟ್ಯೂಬಿಫೆಕ್ಸ್ ಇದ್ದಲ್ಲಿ ಆ ಪದರ ಪಟ್ಟಿಯಂತೆ ಕೆಳಗಿಳಿಯಿತು. ಸಿಗಡಿ ಜಾತಿಯ ಸಣ್ಣ ಜೀವಿ ಇದ್ದಲ್ಲಿ ಸುಮ್ನೆ ಕದಡಿ ಹರಡಿಕೊಂಡಿತು. ಈ ಸೀಸಿಯಂ ಅಣುಬಾಂಬ್ ಪರೀಕ್ಷೆಗಳಿಂದ ಆಕಾಶದಿಂದಲೂ ಉದುರಿದೆ, 1963ರ ಸುಮಾರಿಗೆ ಎಲ್ಲಕ್ಕಿಂತ ಜಾಸ್ತಿ. ಕೆರೆ ತಳದಲ್ಲಿ ಅದು ಎಲ್ಲಿ ಹೆಚ್ಚಿದೆಯೋ ಅದು 1963ರ ಹೂಳು ಅಂತ ಲೆಕ್ಕ ಹಾಕುತ್ತಾರೆ. ಆದರೆ ಹುಳಗಳು ಅದನ್ನೂ ಎಳೆದಾಡಿದ್ದರೆ? ಆ ಲೆಕ್ಕ ಹಾಕುವವರ ಪಾಡು ನನಗೆ ಈಗ ಅರ್ಥವಾಗುತ್ತಿದೆ.

ಹುಳ ಬಿಡದ ಬಾಟಲಿಯಲ್ಲಿ ಗೆರೆ ಬಹುಪಾಲು ಹಾಕಿದಲ್ಲೇ ಇದೆ. ಆದರೆ ಅಲ್ಲೂ ಒಬ್ಬರಿದ್ದಾರೆ. ಕೆಸರಿನ ಜೊತೆಗೇ ಊರಿಂದ ಬಂದಿರಬೇಕು, ಗಾಜಿಗೆ ಅಂಟಿದಂತೆ ಬಿಲ ಮಾಡಿಕೊಂಡ ಒಂದು ಕೆಂಪು ಮರಿಹುಳ. ನಮ್ಮ ರಕ್ತದ ಹಾಗೆ ಅದಕ್ಕೂ ಹಿಮೋಗ್ಲೋಬಿನ್‌ನದೇ ಕೆಂಪು. ಮೈ ಬಳುಕಿಸಿ ಬಿಲದೊಳಗೆ ನೀರು ಎಳೆದುಕೊಳ್ಳುತ್ತೆ. ಸುತ್ತಲಿನ ಕೆಸರು ಕಪ್ಪು, ಬಿಲದ ಅಂಚು ಮಾತ್ರ ತುಕ್ಕಿನ ಬಣ್ಣ. ನೀರಿನ ಜೊತೆ ಹೋದ ಆಮ್ಲಜನಕಕ್ಕೆ ಕೆಸರಿನ ಕಬ್ಬಿಣ ನಿಜಕ್ಕೂ ತುಕ್ಕಾಗಿದೆ. ಆ ತುಕ್ಕು ರಂಜಕವನ್ನು ಹಿಡಿದಿಟ್ಟುಕೊಳ್ಳುತ್ತೆ, ಅಷ್ಟರಮಟ್ಟಿಗೆ ಮೇಲಿನ ಪಾಚಿಗೆ ಊಟ ಕಡಿಮೆ. ಕೂದಲೆಳೆಯಷ್ಟು ಅಂಚು, ಅರ್ಧ ಗಂಟೆ ನೋಡುತ್ತಾ ಕೂತಿದ್ದೆ.

ಸಂಜೆ ನೋಡಿದರೆ ಬಿಲ ಖಾಲಿ. ಬಾಟಲಿಗೆ ಕಟ್ಟಿದ ಬಟ್ಟೆಯ ಒಳಗೆ ಸೊಳ್ಳೆಯಂಥದ್ದು ಕೂತಿತ್ತು.

"ಮನೇಲಿ ಸೊಳ್ಳೆ ಸಾಕ್ತಿದ್ದೀಯಾ?" ಅಂದಳು ಅಮ್ಮ.

ಇದು ಕಚ್ಚಲ್ಲಮ್ಮ, ಬೇರೆ ಜಾತಿ ಅಂದೆ. ಎರಡೂ ಬಾಟಲಿ ಈಗ ಟೆರೇಸ್ ಮೇಲಿವೆ, ನೀರಿನ ಟ್ಯಾಂಕಿನ ನೆರಳಲ್ಲಿ. ರಂಗೋಲಿ ಡಬ್ಬಿಯೂ ಜಾಗ ಬದಲಿಸಿದೆ.