ನಾಳೆಯ ರೇಸ್ ಪುಸ್ತಕದ ಮುಂದೆ
ಚಾಮುಂಡಿ ಬೆಟ್ಟದ ತಪ್ಪಲಿನ ಮೈಸೂರು ರೇಸ್ ಕೋರ್ಸಿನಲ್ಲಿ ನಾಳೆ ನಡೆಯುವ ಓಟಗಳ ಪುಸ್ತಕವನ್ನು ಹರಡಿಕೊಂಡು ಕುಳಿತಿದ್ದೇನೆ. ಕುದುರೆಯ ಸಾಮರ್ಥ್ಯಕ್ಕೆ ತಕ್ಕಂತೆ ಭಾರ ಹೊರಿಸುವ 1200 ಮೀಟರ್ ಹ್ಯಾಂಡಿಕ್ಯಾಪ್ ಓಟದಲ್ಲಿ ಹಿಂದಿನ ಸಲ ಸುಲಭವಾಗಿ ಗೆದ್ದ ಕುದುರೆಯೇ ಎಲ್ಲರ ಫೇವರಿಟ್. ಆದರೆ ಆ ಗೆಲುವಿನಿಂದ ರೇಟಿಂಗ್ ಏರಿ, ಈ ಬಾರಿ ಅದು 60 ಕಿಲೋ ಹೊತ್ತು, ತೀರಾ ಹೊರಗಿನ ಗೇಟಿನಿಂದ ಓಡಬೇಕಾಗಿದೆ. ನನ್ನ ಆಯ್ಕೆ, ಕೇವಲ 52 ಕಿಲೋ ಹೊರುವ, ಕಳೆದ ಸಲ ಕೊನೆಯ 200 ಮೀಟರಿನಲ್ಲಿ ರಭಸದಿಂದ ಮುನ್ನುಗ್ಗಿ ಮೂರನೆಯ ಸ್ಥಾನಕ್ಕೆ ಬಂದ ನಾಲ್ಕು ವರ್ಷದ ಹೆಣ್ಣು ಕುದುರೆ. ಆದರೂ ಓಟಕ್ಕೆ ಮುನ್ನ ಕುದುರೆಗಳನ್ನು ನಡೆಸಿ ತೋರಿಸುವ ಪ್ಯಾಡಕ್‌ನಲ್ಲಿ ಅದರ ನಡಿಗೆಯನ್ನು ಕಣ್ಣಾರೆ ನೋಡಬೇಕು. ಓಟಕ್ಕೆ ಮೊದಲೇ ಕತ್ತಿನ ಮೇಲೆ ಬೆವರಿನ ನೊರೆ ಕಂಡರೆ ನನ್ನ ಲೆಕ್ಕವನ್ನು ಬದಲಿಸುತ್ತೇನೆ. ಚಿಕ್ಕಂದಿನಲ್ಲಿ ಅದೇ ಪ್ಯಾಡಕ್ಕಿನ ಕಟಕಟೆಯ ಬಳಿ ನಿಲ್ಲಿಸಿ, "ಮೊದಲು ಕಿವಿ ನೋಡು ಮಗಾ" ಎಂದಿದ್ದ ಅಪ್ಪ ಇಂದು ಬಹಳ ನೆನಪಾಗುತ್ತಿದ್ದಾರೆ. 1600 ಮೀಟರ್ ಓಟದ ಬಗ್ಗೆ ಮನಸ್ಸು ಇನ್ನೂ ಗಟ್ಟಿಯಾಗಿಲ್ಲ.